ಮಧ್ಯಾಹ್ನ ಮಲಗುವ ಕೇರಿ

“ಒಂದು ಕೇರಿಯ ಜನರನ್ನು ಅರಿಯಲು ಅವರನ್ನು ಮಾತಾಡಿಸಬೇಕೆಂದೇನೂ ಇಲ್ಲ ಪ್ರಭು. ನನ್ನ ಶಾಸ್ತ್ರ ಒಂದೇ ಸಾಕು!” ಎಂದು ತ್ರಿಲೋಚನ ಪಂಡಿತರು ತುಂಬಿದ ಸಭೆಯಲ್ಲಿ ಎದೆಯುಬ್ಬಿಸಿದರು.

ಪಂಡಿತರು ಬೆಳವಲಕೋಟೆಯ ಲೋಕಶೋಧನಾ ಶಾಲೆಯ ಹಿರಿಯರು. ಜನ ಹೇಗೆ ಬಾಳುತ್ತಾರೆ, ಯಾಕೆ ಬಡವರಾಗುತ್ತಾರೆ ಎಂದು ಶೋಧಿಸುವುದು ಆ ಶಾಲೆಯ ಕೆಲಸ. ಅದರ ಅನ್ನ, ತುಪ್ಪ, ಓಲೆಗರಿ ಎಲ್ಲವೂ ಅರಮನೆಯದು. ಅಂದರೆ ಅದೇ ಬಡಜನರ ಕಂದಾಯದ್ದು. ಮೂರು ವರ್ಷ ಕುಂಬಾರಗೇರಿಯನ್ನು ಶೋಧಿಸಿ ಪಂಡಿತರು ಎರಡು ಹೊರೆ ಓಲೆ ಬರೆದಿದ್ದರು. ಆ ಮೂರು ವರ್ಷದಲ್ಲಿ ಶಿಷ್ಯರು ಕೇರಿಗೆ ಹೋದದ್ದು ಒಂದೇ ಒಂದು ಮಧ್ಯಾಹ್ನ.

“ಸಾರ ಹೇಳಿ,” ಎಂದ ದೊರೆ ಕೇತರಾಜ, ಆಕಳಿಸುತ್ತ.

“ಕೇರಿಯಲ್ಲಿ ನಲವತ್ತು ಜನ. ನಡುಮಧ್ಯಾಹ್ನ ಮೂವತ್ತಾರು ಜನ ಗೊರಕೆ ಹೊಡೆಯುತ್ತಿದ್ದರು. ಹುಟ್ಟು ಸೋಮಾರಿಗಳು! ಇವರನ್ನು ಬೋಳುಗುಡ್ಡದ ಆಚೆ ಸಾಗಹಾಕಿದರೆ ಪಟ್ಟಣ ಉದ್ಧಾರವಾಗುತ್ತದೆ.”

ಬೋಳುಗುಡ್ಡದ ಆಚೆ ಬರೀ ಕಲ್ಲು. ಹಿಡಿ ಜೇಡಿಮಣ್ಣು ಸಿಗದ ಕಡೆ ಕುಂಬಾರರು ಏನು ತಿಂದಾರು? ಬಾಗಿಲಲ್ಲಿ ನಿಂತಿದ್ದ ಕುಂಬಾರಗೇರಿಯ ಸಂಕವ್ವ, “ಯಪ್ಪಾ ದೊರಿ, ನಮ್ಮ ಮಾತೊಂದ್ ಕೇಳ್ರಿ!” ಎಂದು ಕೂಗಿದಳು.

“ಶೋಧನೆಗೆ ಒಳಗಾದವರು ನಡುವೆ ಬಾಯಿ ಹಾಕುವಂತಿಲ್ಲ,” ಎಂದರು ಪಂಡಿತರು. ದೊರೆ ಅಪ್ಪಣೆ ಬರೆಯಲು ಹೇಳಿದ.

ಆಸ್ಥಾನದ ವಿದೂಷಕ ಬಂಕಣ್ಣನಿಗೆ ಮೈಯೆಲ್ಲ ಉರಿದುಹೋಯಿತು. ರಾತ್ರಿಯಿಡೀ ನಿದ್ದೆಗೆಟ್ಟು, ಮಡಕೆ ಸುಡುವ ಆವಿಗೆಯ ಬೆಂಕಿ ಕಾದವರು ಮಧ್ಯಾಹ್ನ ಮಲಗದೆ ಕುಣಿಯಬೇಕೇನು? ಇದನ್ನು ತಿಳಿಯಲು ಶಾಸ್ತ್ರ ಯಾಕೆ, ಮೂಗಿದ್ದರೆ ಸಾಕು. ಹೊಗೆ ಊರಿಗೆಲ್ಲ ಬರುತ್ತದೆ. ಆದರೆ ನೇರವಾಗಿ ಹೇಳಿದರೆ ಈ ಪಂಡಿತರು ಕೇಳುವ ಪೈಕಿಯಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಅವನು ಕೈಮುಗಿದ. “ಪ್ರಭು, ಪಂಡಿತರ ಶಾಸ್ತ್ರಕ್ಕೆ ಮರುಳಾದೆ. ಅಪ್ಪಣೆಗೆ ಮುದ್ರೆ ಒತ್ತುವ ಮುಂಚೆ ಎರಡು ದಿನ ಕೊಡಿ. ಇನ್ನೊಂದು ಜಾಗದವರ ಮೇಲೆ ನನಗೆ ಅನುಮಾನ. ಇದೇ ಶಾಸ್ತ್ರದಿಂದ ಶೋಧಿಸುತ್ತೇನೆ. ಎರಡೂ ಕಡೆಯವರನ್ನು ಒಟ್ಟಿಗೇ ಸಾಗಹಾಕಬಹುದು.”

ಪಂಡಿತರು ಹಿಗ್ಗಿ ಹೀರೇಕಾಯಿಯಾದರು. ದೊರೆಯೂ ಒಪ್ಪಿದ.

ಮೂರನೆಯ ದಿನ ಬಂಕಣ್ಣ ಒಂದೇ ಓಲೆ ಹಿಡಿದು ಬಂದು ಓದಿದ: “ಅಲ್ಲಿರುವವರು ಇಪ್ಪತ್ತು ಜನ. ನಡುಮಧ್ಯಾಹ್ನ ಇಪ್ಪತ್ತೂ ಜನ ಗೊರಕೆ. ಒಬ್ಬರು ಮಾತ್ರ ಮಗ್ಗುಲು ಬದಲಿಸಿದರು.”

“ಎಷ್ಟು ದಿನ ನೋಡಿದೆ?” ಪಂಡಿತರು ಕೇಳಿದರು.

“ನಿಮ್ಮ ಶಿಷ್ಯರ ಹಾಗೆ, ಒಂದು ಮಧ್ಯಾಹ್ನ.”

“ಸಾಕು. ಮಾತಾಡಿಸಲಿಲ್ಲ ತಾನೆ?”

“ಛೆ, ಛೆ! ಶಾಸ್ತ್ರ ಕೆಡುವುದಿಲ್ಲವೆ?”

“ಭಲೆ! ಪ್ರಭು, ಶೋಧನೆಯಲ್ಲಿ ಎಳ್ಳಷ್ಟೂ ದೋಷವಿಲ್ಲ. ಇವರು ಕುಂಬಾರರಿಗಿಂತಲೂ ಕಡೆ. ಇವತ್ತೇ ಗುಡ್ಡದಾಚೆ ಅಟ್ಟಿ!”

“ಯಾವ ಜಾಗವಯ್ಯಾ ಅದು?” ಎಂದ ದೊರೆ.

“ಲೋಕಶೋಧನಾ ಶಾಲೆ, ಪ್ರಭು.”

ಸಭೆ ಗೊಳ್ಳೆಂದಿತು. ಪಂಡಿತರ ಮುಖ ಕಪ್ಪಿಟ್ಟಿತು. “ಅನ್ಯಾಯ! ನಾವು ರಾತ್ರಿಯೆಲ್ಲ ಓದಿ ದಣಿದಿರುತ್ತೇವೆ. ಯಾಕೆ ಮಲಗಿದಿರಿ ಎಂದು ಒಂದು ಮಾತು ಕೇಳಬಾರದಿತ್ತೆ?”

“ನಮ್ಮನ್ನೂ ಯಾರೂ ಕೇಳಲಿಲ್ರೀ ಯಪ್ಪಾ,” ಎಂದಳು ಬಾಗಿಲಲ್ಲಿದ್ದ ಸಂಕವ್ವ. “ನಾವೂ ರಾತ್ರಿಯೆಲ್ಲ ಆವಿಗಿ ಮುಂದ ಕುಂತಿದ್ವಿ.”

ದೊರೆಗೆ ನಾಚಿಕೆಯಾಯಿತು. ಕುಂಬಾರರ ಮೇಲಿನ ಅಪ್ಪಣೆಯನ್ನು ಅಲ್ಲೇ ಹರಿದು ಹಾಕಿದ. “ಪಂಡಿತರೇ, ಕುಂಬಾರರ ವಿಷಯ ಈಗೇನು ಹೇಳುತ್ತೀರಿ?”

ಪಂಡಿತರು ಗಂಟಲು ಸರಿಪಡಿಸಿಕೊಂಡರು. “ಇನ್ನೂ ಆಳವಾದ ಶೋಧನೆ ಆಗಬೇಕು ಪ್ರಭು. ಇನ್ನೊಂದು ಮೂರು ವರ್ಷ...”

“ಆಳಕ್ಕೇ ಇಳಿಯಿರಿ! ನಾಳೆಯಿಂದ ಇಡೀ ಶಾಲೆ ಕುಂಬಾರಗೇರಿಯಲ್ಲೇ ಇರಲಿ. ರಾತ್ರಿ ಆವಿಗೆಗೆ ಸೌದೆ ಹಾಕುವುದು ನಿಮ್ಮ ಪಾಲು.”

“ಅಯ್ಯೋ, ಹಾಗಾದರೆ ನಾವು ಮಲಗುವುದು ಯಾವಾಗ?”

ದೊರೆ ನಗುತ್ತ ತನ್ನ ಶಾಲನ್ನು ತೆಗೆದು ಬಂಕಣ್ಣನಿಗೆ ಹೊದಿಸಿದ. ಬಂಕಣ್ಣ ಅದನ್ನು ಸರಿಮಾಡಿಕೊಂಡು ಪಂಡಿತರತ್ತ ತಿರುಗಿದ.

“ಮಧ್ಯಾಹ್ನ ಧೈರ್ಯವಾಗಿ ಮಲಗಿ ಸ್ವಾಮಿ. ಮಲಗಿದವರನ್ನು ಎಣಿಸುವ ಶಿಷ್ಯರೆಲ್ಲ ನಿಮ್ಮ ಪಕ್ಕದಲ್ಲೇ ಗೊರಕೆ ಹೊಡೆಯುತ್ತಿರುತ್ತಾರೆ.”