ಚಾಕೊಲೇಟ್ ಕವರೂ ಕಪ್ಪಕ್ಕನ ಗುಂಡಿಯೂ

“ಅಯ್ಯಾ ಮೋರಿ, ನಾನೆಲ್ಲಿದ್ದೀನಿ?” ಕೇಳಿದಳು ಕಪ್ಪೆ ಕಪ್ಪಕ್ಕ.

“ಶಾಲೆಯ ಹಿಂದೆ,” ಅಂದಿತು ಮೋರಿ.

“ಅಯ್ಯೋ! ದಾರಿ ತಪ್ಪಿ ತಪ್ಪಿ ಸಾಕಾಯ್ತು. ನೀರಿಗೆ ದಾರಿ ಯಾವುದಪ್ಪಾ? ಮಕ್ಕಳು ಕೈ ತೊಳೆದ ನೀರು ದಿನಾ ನನ್ನ ಗುಂಡಿಗೆ ಬರ್ತಿತ್ತು. ಈಗ ಬರ್ತಿಲ್ಲ. ಗುಂಡೀಲಿ ನನ್ನ ಮರಿಗಳಿವೆ. ಬರೀ ಬಾಲ! ಇನ್ನೂ ಕಾಲೇ ಬಂದಿಲ್ಲ. ಗುಂಡಿ ಒಣಗಿದ್ರೆ ಓಡೋದು ಹೇಗೆ?”

“ಬ್ಳುಕ್,” ಅಂದಿತು ಮೋರಿ. “ನೀರು ಬಿಡಲ್ಲ. ಗಂಟಲಲ್ಲಿ ಚಾಕೊಲೇಟ್ ಕವರ್ ಸಿಕ್ಕಿದೆ. ಅವನನ್ನ ಕೇಳು.”

ಟಪ್ ಟಪ್ ಟಪ್. ಕಪ್ಪಕ್ಕ ಕವರಿನ ಹತ್ತಿರ ಹೋದಳು.

“ಕವರಣ್ಣ, ಕವರಣ್ಣ, ಮೋರಿ ಬಿಡು.
ಮೋರಿ ನೀರು ಬಿಡಲ್ಲ,
ಮರಿಗಳಿಗೆ ನೀರಿಲ್ಲ.”

ಕವರ್ ಮಿರಮಿರ ಮಿಂಚಿತು. “ನಾನು ಕೊಳೆಯಲ್ಲ. ಕರಗಲ್ಲ. ಸಾಯಲ್ಲ. ನಿನ್ನ ಮರಿಮೊಮ್ಮಕ್ಕಳು ಮುದುಕರಾದ್ರೂ ನಾನು ಇಲ್ಲೇ! ಬೇಕಿದ್ರೆ ಪೊರಕೆನ ಕರ್ಕೊಂಡು ಬಾ. ಹಹ್ಹಹ್ಹಾ!”

ಟಪ್ ಟಪ್ ಟಪ್. ಕಪ್ಪಕ್ಕ ಪೊರಕೆಯ ಹತ್ತಿರ ಹೋದಳು.

“ಪೊರಕೆಯಕ್ಕ, ಪೊರಕೆಯಕ್ಕ, ಕವರ್ ಎಳೆ.
ಕವರ್ ಮೋರಿ ಬಿಡಲ್ಲ,
ಮೋರಿ ನೀರು ಬಿಡಲ್ಲ,
ಮರಿಗಳಿಗೆ ನೀರಿಲ್ಲ.”

“ಎಳೆಯಲ್ಲ ಹೋಗೇ!” ಅಂದಿತು ಪೊರಕೆ. “ನಿನ್ನೆ ಎಳೆದೆ. ಮೊನ್ನೆ ಎಳೆದೆ. ನಾನು ಎಳೀತೀನಿ, ಮಕ್ಕಳು ಎಸೀತಾರೆ. ನೋಡು, ಅರ್ಧ ತಲೆ ಬೋಳಾಗಿದೆ! ಇವತ್ತು ನಸೀಮಾ ಹುಟ್ಟುಹಬ್ಬ. ಇಡೀ ಕ್ಲಾಸಿಗೆ ಚಾಕೊಲೇಟ್ ಹಂಚ್ತಾಳೆ. ಮೊದಲು ಅವಳನ್ನ ನಿಲ್ಲಿಸು.”

ಟಪ್ ಟಪ್ ಟಪ್. ಕಪ್ಪಕ್ಕ ನಸೀಮಾ ಹತ್ತಿರ ಹೋದಳು. ನಸೀಮಾ ಹೊಸ ಫ್ರಾಕು ಹಾಕಿ ನಿಂತಿದ್ದಳು.

“ನಸೀಮಾ, ನಸೀಮಾ, ಚಾಕೊಲೇಟ್ ಬಿಡು.
ಪೊರಕೆ ಕವರ್ ಎಳೆಯಲ್ಲ,
ಕವರ್ ಮೋರಿ ಬಿಡಲ್ಲ,
ಮೋರಿ ನೀರು ಬಿಡಲ್ಲ,
ಮರಿಗಳಿಗೆ ನೀರಿಲ್ಲ.”

“ಆಗಲ್ಲಪ್ಪ!” ಅಂದಳು ನಸೀಮಾ. “ಹುಟ್ಟುಹಬ್ಬಕ್ಕೆ ಎಲ್ಲರೂ ಹಂಚ್ತಾರೆ. ನಾನು ಹಂಚದಿದ್ರೆ ಆ ಗುರುರಾಜ ನನ್ನ ಜುಗ್ಗಿ ಅಂತಾನೆ. ವರ್ಷವಿಡೀ ಅಂತಾನೆ! ಅಂಗಡಿ ಮಾದಣ್ಣ ಕೊಡೋದೇ ಇದು. ಹೋಗಿ ಅವನನ್ನ ಕೇಳು.”

ಟಪ್ ಟಪ್ ಟಪ್. ಕಪ್ಪಕ್ಕ ಅಂಗಡಿಗೆ ಹೋದಳು.

“ಮಾದಣ್ಣ, ಮಾದಣ್ಣ, ಬೇರೆ ಏನಾದ್ರೂ ಕೊಡು.
ನಸೀಮಾ ಚಾಕೊಲೇಟ್ ಬಿಡಲ್ಲ,
ಪೊರಕೆ ಕವರ್ ಎಳೆಯಲ್ಲ,
ಕವರ್ ಮೋರಿ ಬಿಡಲ್ಲ,
ಮೋರಿ ನೀರು ಬಿಡಲ್ಲ,
ಮರಿಗಳಿಗೆ ನೀರಿಲ್ಲ.”

“ಚಿಕ್ಕಿ ಇದೆಯಮ್ಮ,” ಅಂದ ಮಾದಣ್ಣ. “ಕಡಲೆಕಾಯಿ, ಬೆಲ್ಲ. ಜಾಡಿ ತುಂಬ ಇದೆ. ಯಾರು ಕೇಳ್ತಾರೆ? ಫಿಲೋಮಿನಾ ಮಿಸ್ಸು ತಮ್ಮ ಹುಟ್ಟುಹಬ್ಬಕ್ಕೆ ಚಾಕೊಲೇಟ್ ಹಂಚ್ತಾರೆ. ಹೆಡ್‌ಮಿಸ್ಸು ಹಂಚಿದ್ದೇ ಮಕ್ಕಳಿಗೂ ಬೇಕು. ಅವರು ಹೇಳಲಿ, ಕೊಡ್ತೀನಿ.”

ಟಪ್ ಟಪ್ ಟಪ್. ಕಪ್ಪಕ್ಕ ಹೆಡ್‌ಮಿಸ್ ರೂಮಿಗೆ ಹೋದಳು. ಫಿಲೋಮಿನಾ ಮಿಸ್ಸು ಬ್ಯಾನರ್ ಕಟ್ಟುತ್ತಿದ್ದರು. ಬ್ಯಾನರಿನ ಮೇಲೆ ‘ಪ್ಲಾಸ್ಟಿಕ್ ಬೇಡ’ ಅಂತ ಬರೆದಿತ್ತು. ಬ್ಯಾನರು? ಪ್ಲಾಸ್ಟಿಕ್ಕಿನದೇ! ಬಾಯಲ್ಲೊಂದು ಚಾಕೊಲೇಟ್ ಬೇರೆ.

“ಮಿಸ್, ಮಿಸ್, ಒಂದು ಮಾತು ಹೇಳಿ.
ಮಾದಣ್ಣ ಚಿಕ್ಕಿ ಕೊಡಲ್ಲ,
ನಸೀಮಾ ಚಾಕೊಲೇಟ್ ಬಿಡಲ್ಲ,
ಪೊರಕೆ ಕವರ್ ಎಳೆಯಲ್ಲ,
ಕವರ್ ಮೋರಿ ಬಿಡಲ್ಲ,
ಮೋರಿ ನೀರು ಬಿಡಲ್ಲ,
ಮರಿಗಳಿಗೆ ನೀರಿಲ್ಲ.”

“ಒಳಗೆ ಬರಲಾ ಅಂತ ಕೇಳಿದ್ಯಾ?” ಅಂದರು ಮಿಸ್ಸು. “ಪ್ಲಾಸ್ಟಿಕ್ ವಿಷಯಕ್ಕೆ ಸೋಮವಾರ ಮೀಟಿಂಗ್ ಇದೆ. ಆಗ ಬಾ.”

ಸೋಮವಾರ! ಅಷ್ಟರಲ್ಲಿ ಗುಂಡಿ ಒಣಗಿ ಹಪ್ಪಳ ಆಗಿರುತ್ತೆ.

ಕಪ್ಪಕ್ಕ ಮೆಟ್ಟಿಲ ಮೇಲೆ ಕೂತು ಅತ್ತಳು. ಅಲ್ಲೇ ಒಂದು ಕೆಂಪಿರುವೆ, ಕವರ್ ಬಿಚ್ಚದೆ ಬಿದ್ದಿದ್ದ ಚಾಕೊಲೇಟ್ ಸುತ್ತ ಸುತ್ತುತ್ತಿತ್ತು. ಸುತ್ತಿ ಸುತ್ತಿ ಬೈಯುತ್ತಿತ್ತು.

“ಇರುವೆ, ಇರುವೆ, ಮಿಸ್ಸನ್ನ ಕಚ್ಚು.
ಮಿಸ್ಸು ಮಾತು ಹೇಳಲ್ಲ,
ಮಾದಣ್ಣ ಚಿಕ್ಕಿ ಕೊಡಲ್ಲ,
ನಸೀಮಾ ಚಾಕೊಲೇಟ್ ಬಿಡಲ್ಲ,
ಪೊರಕೆ ಕವರ್ ಎಳೆಯಲ್ಲ,
ಕವರ್ ಮೋರಿ ಬಿಡಲ್ಲ,
ಮೋರಿ ನೀರು ಬಿಡಲ್ಲ,
ಮರಿಗಳಿಗೆ ನೀರಿಲ್ಲ.”

“ಕಚ್ಚದೆ ಏನು!” ಅಂದಿತು ಇರುವೆ. “ಒಳಗೆ ಸಿಹಿ ಇದೆ. ಬಾಗಿಲೇ ಇಲ್ಲ! ಈ ಕವರು ಕಂಡ್ರೆ ಮೈಯೆಲ್ಲ ಉರಿಯುತ್ತೆ. ಆದ್ರೆ ಪುಕ್ಕಟೆ ಕಚ್ಚಲ್ಲ. ನಿನ್ನ ಗುಂಡಿಯ ಆಚೆ ದಡ ನಾನು ನೋಡಿಲ್ಲ. ಬೆನ್ನ ಮೇಲೆ ಕೂರಿಸ್ಕೊಂಡು ತೋರಿಸಬೇಕು. ದಾರೀಲಿ ನನ್ನ ತಿನ್ನಬಾರದು.”

ಕಪ್ಪಕ್ಕ ಎಂಜಲು ನುಂಗಿದಳು. “ಆಯ್ತು. ನಿನ್ನ ಸಾಲ ನನ್ನ ಮೇಲಿರಲಿ.”

ಇರುವೆ ಹೊರಟಿತು. ಚಪ್ಪಲಿ ಹತ್ತಿತು. ಸೀರೆ ಹತ್ತಿತು. ಮಿಸ್ಸಿನ ಕಿವಿಯ ಹತ್ತಿರ ನಿಂತಿತು.

“ಕವರ್ ಬಿಡ್ತೀರೋ, ಕಚ್ಚಲೋ?”

“ಸೋಮವಾರ...”

ಚುಕ್!

“ಅಯ್ಯಯ್ಯೋ! ಶನಿವಾರ!”

ಚುಕ್! ಚುಕ್!

“ಇವತ್ತೇ! ಈಗಲೇ!”

ಮಿಸ್ಸು ಕಿವಿ ಹಿಡಿದುಕೊಂಡು ಅಂಗಡಿಗೆ ಓಡಿದರು. “ಮಾದಣ್ಣಾ! ಇನ್ನು ಹುಟ್ಟುಹಬ್ಬಕ್ಕೆ ಚಿಕ್ಕಿ! ನಂದಕ್ಕೂ ಚಿಕ್ಕಿ, ಎಲ್ಲರದ್ದಕ್ಕೂ ಚಿಕ್ಕಿ! ಕವರಿಲ್ಲ, ನೇರ ಅಂಗೈಗೆ!”

ಮಾದಣ್ಣ ಚಾಕೊಲೇಟ್ ವಾಪಸ್ ತಗೊಂಡ. ನಸೀಮಾಳ ಸ್ಟೀಲ್ ಡಬ್ಬಿಗೆ ಚಿಕ್ಕಿ ತುಂಬಿದ. ನಸೀಮಾ ಅಂಗೈ ಅಂಗೈಗೂ ಇಟ್ಟಳು. ಕಟುಂ ಕುಟುಂ, ಕಟುಂ ಕುಟುಂ. ಜುಗ್ಗಿ ಅನ್ನೋಕೆ ಗುರುರಾಜನ ಬಾಯಿ ಖಾಲಿ ಇರಲಿಲ್ಲ.

ಎಸೆಯೋಕೆ ಏನೂ ಇಲ್ಲ! ಪೊರಕೆ ಕುಣಿಯುತ್ತಾ ಬಂತು. ಕವರ್ ಹಿಡಿದು ಎಳೆಯಿತು.

“ನಾನು ಸಾಯಲ್ಲ!” ಕಿರುಚಿತು ಕವರ್.

“ಸಾಯಬೇಡ ಮಾರಾಯ. ಗೋಣಿಚೀಲದಲ್ಲಿ ಕೂತಿರು!”

ಪಳಕ್! ಮೋರಿ ದೊಡ್ಡದಾಗಿ ತೇಗಿತು.

ಇರುವೆ ಕಚ್ಚಿತು,
ಮಿಸ್ಸು ಮಾತು ಹೇಳಿದರು,
ಮಾದಣ್ಣ ಚಿಕ್ಕಿ ಕೊಟ್ಟ,
ನಸೀಮಾ ಚಾಕೊಲೇಟ್ ಬಿಟ್ಟಳು,
ಪೊರಕೆ ಕವರ್ ಎಳೆಯಿತು,
ಕವರ್ ಮೋರಿ ಬಿಟ್ಟಿತು,
ಮೋರಿ ನೀರು ಬಿಟ್ಟಿತು,
ಮರಿಗಳಿಗೆ ನೀರು ಬಂತು!

ಬಾಲಗಳೆಲ್ಲ ಪಟಪಟ ಪಟಪಟ.

ಆಮೇಲೆ ಇರುವೆ ಬಂತು. ಚಿಕ್ಕಿ ಚೂರು ತಿಂದು ತಿಂದು ಗುಂಡಗಾಗಿತ್ತು. ಕಪ್ಪಕ್ಕ ಅದನ್ನು ಬೆನ್ನ ಮೇಲೆ ಕೂರಿಸಿಕೊಂಡಳು. ಈಜಿದಳು. ಬೆನ್ನಿಂದ ಬೆಲ್ಲದ ವಾಸನೆ ಘಮ್ಮೆಂದಿತು. ನಾಲಿಗೆ ತುರಿಸಿತು. ಕಪ್ಪಕ್ಕ ಬಾಯಿ ಬಿಗಿಹಿಡಿದಳು.

“ಇನ್ನೂ ಜೋರಾಗಿ!” ಅಂದಿತು ಇರುವೆ.

ಕಪ್ಪಕ್ಕ ಬಾಯಿ ಬಿಡದೆ ಜೋರಾಗಿ ಕಾಲು ಬಡಿದಳು.

ಆಚೆ ದಡ ಬಂತು. ಇರುವೆ ಇಳಿಯಿತು. ಸುತ್ತ ನೋಡಿತು. “ಇಷ್ಟೇನಾ? ಇಲ್ಲೂ ಮಣ್ಣೇ!”

“ಸಾಲ ತೀರಿತು,” ಅಂತ ಕಪ್ಪಕ್ಕ ಬಾಯಿ ತೆರೆದಳು.

ಇರುವೆ ಆ ಬಾಯಿ ನೋಡಿತು. ಓಡಿತು ನೋಡಿ, ಓಟ!