ಒಂದು ಚಿಟಿಕೆ ಬೂದಿ

ಗರಿಗಳ ಭಾನುವಾರದ ಮೆರವಣಿಗೆಯಲ್ಲಿ ಯೇಸುವಿಗೆ ಜೈಕಾರ ಹಾಕಿ ಕುಣಿದಿದ್ದ ತೆಂಗಿನ ಗರಿಯೊಂದು ವರ್ಷವಿಡೀ ಶಿಲುಬೆಯ ಹಿಂದೆ ಒಣಗಿ, ಕಡೆಗೆ ಚರ್ಚಿನ ಅಂಗಳದ ಬುಟ್ಟಿಗೆ ಬಿತ್ತು. ಅದೇ ಮರದ ಕಡ್ಡಿಗಳಿಂದ ಕಟ್ಟಿದ್ದ ಪೊರಕೆ ಅದನ್ನು ಕಂಡು ಹಂಗಿಸಿತು: “ಭಾನುವಾರ ಜೈ ಅಂದೆ. ಅದೇ ವಾರ ಶುಭ ಶುಕ್ರವಾರ ಒಡೆಯನನ್ನು ಶಿಲುಬೆಗೆ ಏರಿಸಿದಾಗ ನಿನ್ನ ಬಾಯಿಗೆ ಬೀಗ ಬಿದ್ದಿತ್ತು. ನಿನಗೆ ಬೆಂಕಿಯೇ ಸರಿ!”

“ನಿಜ ಅಕ್ಕಾ, ತಪ್ಪು ನನ್ನದೇ,” ಎಂದಿತು ಗರಿ.

ಅಷ್ಟರಲ್ಲಿ ಚರ್ಚಿನ ಆಳು ಚೌರಪ್ಪ ಬಂದು ಬೆಂಕಿಕಡ್ಡಿ ಗೀರಿದ. ಇನ್ನು ನನ್ನ ಕಥೆ ಮುಗಿಯಿತು ಅಂದುಕೊಳ್ಳುತ್ತಲೇ ಗರಿ ಉರಿದು ಬೂದಿಯಾಯಿತು.

ಪೊರಕೆ ಗುಡಿಸಿಹಾಕಲು ಕಾದು ನಿಂತಿತ್ತು. ಚೌರಪ್ಪ ಮಾತ್ರ ಬೂದಿಯನ್ನು ಜರಡಿ ಹಿಡಿದು ಬೆಳ್ಳಿ ಬಟ್ಟಲಿಗೆ ತುಂಬಿದ. ಮರುದಿನ ಬೂದಿ ಬುಧವಾರ, ಪಶ್ಚಾತ್ತಾಪದ ದಿನ. ತಪ್ಪು ಒಪ್ಪಿಕೊಂಡು ಬಂದವರೆಲ್ಲರ ಹಣೆಯ ಮೇಲೆ ಚರ್ಚಿನ ಗುರುಗಳು ಆ ಬೂದಿಯಿಂದಲೇ ಶಿಲುಬೆ ಬರೆದರು. ಬೂದಿಗೆ ಹೋದ ಜೀವ ಬಂದಂತಾಯಿತು.

ಎಲ್ಲರಾದ ಮೇಲೆ ಚೌರಪ್ಪ ಪೊರಕೆಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಗುರುಗಳ ಮುಂದೆ ತಲೆ ಬಾಗಿಸಿದ. ಪೊರಕೆ ಬೂದಿಗೆ ಪಿಸುಗುಟ್ಟಿತು: “ತಮ್ಮಾ, ಆ ಶುಕ್ರವಾರ ನಾನೂ ಮೂಲೆ ಬಿಟ್ಟು ಕದಲಿರಲಿಲ್ಲ. ನನ್ನ ಮೇಲೂ ಒಂದು ಚಿಟಿಕೆ ಉದುರು.”

ಬೂದಿ ಉದುರಿತು.