ತಡೆದವ್ವನ ಗುಡ್ಡ

ಮೂಡಲ ಸೀಮೆಯ ಎರೆನೆಲ ಮುಗಿದು ಪಡುವಲ ಸೀಮೆಯ ಕೆಮ್ಮಣ್ಣು ಶುರುವಾಗುವ ಕಡೆ ಒಂದು ಬೋಳು ಗುಡ್ಡವಿದೆ. ಎರಡು ಸೀಮೆಗಳೂ ಈಗ ತಾಲ್ಲೂಕುಗಳಾಗಿವೆ. ಪಡುವಲದಲ್ಲಿ ಕೂಲಿ ಹೆಚ್ಚು; ಬೆಳಗಾದರೆ ಹೆಂಗಸರನ್ನು ತುಂಬಿಕೊಂಡ ಆಟೋಗಳು ಈ ಏರು ಹತ್ತಿ ಹೋಗುತ್ತವೆ. ಗುಡ್ಡಕ್ಕೆ ತಡೆದವ್ವನ ಗುಡ್ಡವೆಂದು ಹೆಸರು. ತಡೆದವ್ವ ದೇವತೆಯಲ್ಲ, ನೂಲೂರಿನ ಹಾಲವ್ವ ಎಂಬ ಮಗ್ಗದ ಮನೆಯ ಹೆಂಗಸು.

ಹಿಂದೆ ಒಮ್ಮೆ ಗುಡ್ಡದ ಬುಡದ ನೂಲೂರಿನಲ್ಲಿ ನಲವತ್ತು ಮಗ್ಗಗಳಿದ್ದವು ಎನ್ನುತ್ತಾರೆ. ಹಾಲವ್ವ ಗಂಡ ಸತ್ತ ಮೇಲೆ ಒಂದು ಮಗ್ಗವನ್ನು ಆರು ಮಾಡಿದವಳು, ತಬ್ಬಲಿ ತಮ್ಮ ಮುರಿಗನನ್ನು ಸಾಕಿ ಕಸುಬು ಕಲಿಸಿದವಳು. ಆಗ ಸುಂಕ ಮನೆಗಲ್ಲ, ಊರಿಗೆ. ಒಂದು ಮನೆ ಎದ್ದು ಹೋದರೆ ಅದರ ಪಾಲು ಉಳಿದವರ ತಲೆಗೆ. ಪಡುವಲದ ನಾಯಕ ಹೊಸ ಪೇಟೆ ಕಟ್ಟಿಸಿ, ಬಂದ ನೇಕಾರರಿಗೆ ಮೂರು ವರ್ಷ ಸುಂಕವಿಲ್ಲವೆಂದು ಸಾರಿಸಿದ. ಮನೆಗಳು ಒಂದೊಂದಾಗಿ ಗುಡ್ಡ ದಾಟಿದವು. ಕೊನೆಗೆ ಉಳಿದವು ಎರಡು, ಹಾಲವ್ವನದು ಮತ್ತು ಮುರಿಗನದು.

ಮುರಿಗನೂ ಗಂಟು ಕಟ್ಟಿದ. "ಮೂರು ವರ್ಷ ಬಿಟ್ಟವರು ನಾಲ್ಕನೇ ವರ್ಷ ಚರ್ಮ ಸುಲೀತಾರೆ ಕಣೋ" ಎಂದಳು ಹಾಲವ್ವ.

"ಇಲ್ಲಿ ಸುಲಿಯೋಕೆ ಇನ್ನೇನು ಉಳಿದೈತಕ್ಕ?"

ಊರು ಬಿಡುವವರು ಬಾಗಿಲು ಎಳೆದುಕೊಂಡ ಮೇಲೆ, ಊರಲ್ಲಿ ಉಳಿದ ಹಿರಿಯರು ಗುಡ್ಡದ ನೆತ್ತಿಯ ಗಡಿಕಲ್ಲಿನ ಬಳಿ ಬಂದು ಬೊಗಸೆಗೆ ನೀರು ಹೊಯ್ಯುವ ತನಕ ಹನಿ ನೀರೂ ಕುಡಿಯುವಂತಿರಲಿಲ್ಲ, ಗಡಿ ದಾಟುವಂತೆಯೂ ಇರಲಿಲ್ಲ. ಮೀರಿದರೆ ಹೊಸ ಊರಿನಲ್ಲಿ ಮಗ್ಗ ಕೈ ಹಿಡಿಯದೆಂದು ನಂಬಿಕೆ. ಬೇರೆಯವರಿಗೆಲ್ಲ ಹಾಲವ್ವನೇ ನೀರು ಹೊಯ್ದು ಕಳಿಸಿದ್ದಳು. ತಮ್ಮನಿಗೆ ಹೊಯ್ಯಲಿಲ್ಲ. ಬಾಯಾರಿದರೆ ತಾನಾಗಿ ಇಳಿದು ಬರುತ್ತಾನೆ ಎಂದುಕೊಂಡಳು. ಅವ್ವನಂತೆ ಸಾಕಿದವಳು, ಬಂದೇ ಬರುತ್ತಾಳೆ ಎಂದು ಮುರಿಗ, ಹೆಂಡತಿ ನೀಲಿ, ಎಳೆಗೂಸು ಗಡಿಕಲ್ಲಿನ ಬಳಿ ಕುಳಿತರು. ವೈಶಾಖದ ಬಿಸಿಲು, ಒಂದು ಗಿಡದ ನೆರಳಿಲ್ಲ. ಅಕ್ಕ ತಮ್ಮ ಇಬ್ಬರದೂ ಒಂದೇ ರಕ್ತ, ಒಂದೇ ಹಟ.

ಮೂರನೇ ದಿನ ಹೊತ್ತೇರಿದಾಗ ಹಾಲವ್ವ ತುಂಬಿದ ಕೊಡ ಹೊತ್ತು ಗುಡ್ಡ ಹತ್ತಿದಳು. ಸೋತು ಬಂದವಳಂತೆ ಕಾಣಬಾರದೆಂದು ದೂರದಿಂದಲೇ ಕೂಗಿದಳು: "ಮೊದಲು ಊರ ಕಡೆ ಮುಖ ಮಾಡಿ. ಆಮೇಲೆ ನೀರು."

ಯಾರೂ ಏಳಲಿಲ್ಲ. ನೀಲಿ ಮಡಿಲ ಸೆರಗು ಸರಿಸಿದಳು. ಹಿಂದಿನ ದಿನವೇ ಅವಳ ಎದೆಹಾಲು ಬತ್ತಿತ್ತು. ಕೂಸಿನ ತುಟಿಯ ಮೇಲೆ ನೊಣ ಕೂತಿತ್ತು.

"ಹೊಯ್ಯಕ್ಕ" ಎಂದ ಮುರಿಗ, ಒಣಗಿದ ಗಂಟಲಲ್ಲಿ. "ನಮಗಲ್ಲ. ನೆಲ ಕಲ್ಲಾಗೈತೆ, ಅಗೆಯೋಕೆ ಆಗ್ತಿಲ್ಲ."

ಹಾಲವ್ವ ಕೊಡ ಬರಿದಾಗುವ ತನಕ ನೆಲಕ್ಕೆ ಹೊಯ್ದಳು. ಮುರಿಗ ಅಗೆದು, ಮುಚ್ಚಿ, ಹೆಂಡತಿಯ ಕೈ ಹಿಡಿದು ಪಡುವಲಕ್ಕೆ ಇಳಿದ. ತಿರುಗಿ ನೋಡಲಿಲ್ಲ. ಇಡೀ ಊರಿನ ಸುಂಕಕ್ಕೆ ಹಾಲವ್ವನ ಆರೂ ಮಗ್ಗಗಳು ಹೋದವು. ಆದರೂ ಸಾಯುವ ತನಕ ಅವಳು ನೂಲೂರು ಬಿಡಲಿಲ್ಲ ಎನ್ನುತ್ತಾರೆ.

ನೂಲೂರಿದ್ದ ಕಡೆ ಇಂದು ಜಾಲಿ ಬೆಳೆದ ಮಗ್ಗದ ಗುಂಡಿಗಳಷ್ಟೇ ಇವೆ. ಗುಡ್ಡದ ನೆತ್ತಿಯಲ್ಲಿ ಒಂದು ಕಲ್ಲುಗುಪ್ಪೆ. ಹೆಸರು ಕೇಳಿ ದೊಡ್ಡ ಗುಡಿಯನ್ನೇ ನೆನೆದು ಬಂದವರು ಅದರ ಮುಂದೆ ನಿಂತು, ಇಷ್ಟು ಚಿಕ್ಕದೇ ಎಂದು ಕೇಳುತ್ತಾರೆ. ಉದ್ದ ಒಂದೂವರೆ ಮೊಳ.